ಐದನೇ ತಾರೀಖಿನ ಬಿಲ್ಲೆ

ಫ್ರೆಸ್ನೋ ಊರಿನ ಹಳೆಯ ಅಗ್ನಿಶಾಮಕ ಠಾಣೆ, ಅದರ ತಾರಸಿ,
ತಾರಸಿಯಲ್ಲಿ ಗಾಳಿ ಹಿಡಿಯುವ ಪೆಟ್ಟಿಗೆ.
ಮುಗಿದ ಬಿಲ್ಲೆಯನ್ನು ಇಕ್ಕಳದಲ್ಲಿ ಎತ್ತಿ
ಹೊಸದನ್ನು ಇಡುವುದು ನನ್ನ ಕೆಲಸ.
ಮಗುವಿನ ಅಂಗೈಯಷ್ಟಗಲ, ಈರುಳ್ಳಿ ಪೊರೆಯಷ್ಟು ತೆಳು.
ಉಸಿರು ಬಿಗಿಹಿಡಿದು ಎತ್ತಬೇಕು. ಸೀನಿದರೆ
ಒಂದು ದಿನದ ಊರೇ ಹಾರಿಹೋಗುತ್ತದೆ.

ಅಜ್ಜಿ ಕೇಳುತ್ತಿದ್ದಳು:
ಗಾಳಿ ತೂಗುವವಳಿಗೂ ಸಂಬಳ ಕೊಡುತ್ತಾರೇನೇ, ಅರ್ಪೀನೆ?
ಕೊಡುತ್ತಾರೆ ಅಜ್ಜಿ, ಇಪ್ಪತ್ತೆರಡು ವರ್ಷದಿಂದ.
ಗಾಳಿಗೆ ಗುದ್ದಿ ಕೈ ನೋಯಿಸಿಕೊಂಡವಳೂ ನಾನೇ.

ಈ ಕಣಿವೆ ಒಂದು ಬೋಗುಣಿ.
ಮೂಡಲಿಗೆ ಸಿಯೆರಾ, ಪಡುವಲಿಗೆ ಕರಾವಳಿ ಬೆಟ್ಟ,
ಜುಲೈ ಬಂತೆಂದರೆ ಆಕಾಶವೇ ಮುಚ್ಚಳ.
ಮೇಲಿನ ಬಿಸಿಗಾಳಿ ಕೆಳಗಿನದರ ಹೆಗಲೇರಿ ಕೂತು
ಅಲ್ಲಾಡಬೇಡ ಅನ್ನುತ್ತದೆ.
ಟೊಮೆಟೊ ಲಾರಿಗಳ ಡೀಸೆಲ್ಲು, ಬಾದಾಮಿ ತೋಟದ ಧೂಳು,
ದನದ ಕೊಟ್ಟಿಗೆಗಳ ಘಾಟು,
ಬಡಗಣ ಬಾಗಿಲಿಂದ ತೂರಿ ಬಂದ ದೊಡ್ಡ ಊರುಗಳ ಹೊಗೆ,
ಯಾವುದು ಯಾರದ್ದೆಂದು ಹೇಳಲಾಗದಂತೆ
ನಲವತ್ತೆರಡು ಡಿಗ್ರಿಯಲ್ಲಿ ಮಧ್ಯಾಹ್ನವಿಡೀ ಬೇಯುತ್ತವೆ.
ಓಝೋನು ಕಣ್ಣಿಗೆ ಕಾಣದು.
ಗಂಟಲಿಗೆ ಕಾಣುತ್ತದೆ.

ಶಾಲೆಯ ಕಂಬದಲ್ಲಿ ದಿನಕ್ಕೊಂದು ಬಾವುಟ:
ಹಸಿರು, ಹಳದಿ, ಕಿತ್ತಳೆ. ಕೆಂಪೆಂದರೆ ಆಟ ಒಳಗೆ.
ಇಲ್ಲಿನ ಮಕ್ಕಳು ಅಕ್ಷರಕ್ಕೆ ಮೊದಲು ಇದನ್ನು ಓದುತ್ತಾರೆ.
ಈಗ ರಜೆ. ಕಂಬ ಬೋಳು.

ಮೂರನೇ ತಾರೀಖು ಅದೇ ಕಂಬದ ಬುಡದಲ್ಲಿ
ಶಾಲೆಯ ಬ್ಯಾಂಡಿನವರ ಪಟಾಕಿ ಅಂಗಡಿ.
ಪಕ್ಕದ ಮನೆಯ ಚೋವಾ ಲೋರಳ ಮಗ ಟೌ, ಹನ್ನೆರಡು ವರ್ಷ,
ಒಂದು ಜೇಬಲ್ಲಿ ಚಿಲ್ಲರೆ, ಇನ್ನೊಂದರಲ್ಲಿ ಇನ್ಹೇಲರು.
"ಟ್ರಂಪೆಟ್ಟಿಗೆ ಇನ್ನೂ ಮುನ್ನೂರು ಡಾಲರು ಬೇಕು ಆಂಟಿ."
ಹಳೆಯದನ್ನು ಊದಿದರೆ ಬಾತುಕೋಳಿ ಕೂಗುತ್ತದೆ, ನಿಜ.
ನನಗೆ ಕಣ ಗೊತ್ತು, ಕಣದ ಅಳತೆ ಗೊತ್ತು,
ರಾತ್ರಿ ಅವನೆದೆಯ ಸಿಳ್ಳೆ
ಗೋಡೆ ದಾಟಿ ಬರುವುದೂ ಗೊತ್ತು.
ಎರಡು ಪೊಟ್ಟಣ ಕೊಂಡೆ.
ಒಂದರ ಮೇಲೆ ನವಿಲಿನ ಚಿತ್ರ.

ನಾಲ್ಕರ ರಾತ್ರಿ ಒಂದೆಲೆ ಅಲುಗಲಿಲ್ಲ.
ಒಂಬತ್ತಕ್ಕೆ ಬೀದಿ ಬೀದಿಯೂ ಶುರುಮಾಡಿತು.
ಫೋನಿನಲ್ಲಿ ಅಂಕಿ ಏರುತ್ತಿತ್ತು:
ಮೂವತ್ತು. ತೊಂಬತ್ತೊಂದು. ಇನ್ನೂರ ಎಂಬತ್ತು.
ಲಾವೋಸಿನ ಬೆಟ್ಟಗಳಲ್ಲಿ ಯುದ್ಧ ಕಂಡ ಟೌನ ತಾತ
ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಕೂತಿದ್ದನಂತೆ, ಒಂದರವರೆಗೂ.
ನನ್ನ ನವಿಲು ಗರಿಬಿಚ್ಚಿ ನಿಂತದ್ದು
ಹನ್ನೊಂದು ಸೆಕೆಂಡು.
ಮುಚ್ಚಿದ ಕಿಟಕಿಯ ಗಾಜಿಗೆ ಮೂಗೊತ್ತಿ ಟೌ
ಹೆಬ್ಬೆರಳು ಎತ್ತಿ ತೋರಿಸಿದ.

ಆರರ ಬೆಳಿಗ್ಗೆ ಎರಡು ಬಿಲ್ಲೆ ಎತ್ತಿದೆ.
ಪೆಟ್ಟಿಗೆ ನಡುರಾತ್ರಿಗೆ ತಾನೇ ಬಿಲ್ಲೆ ಬದಲಿಸುತ್ತದೆ,
ಹೊಗೆಗೆ ಗಡಿಯಾರ ಗೊತ್ತಿಲ್ಲ.
ನಾಲ್ಕರದ್ದು ಬೂದು.
ಹಬ್ಬವೇ ಇಲ್ಲದ ಐದರದ್ದು ಕಾಡಿಗೆ.
ಹಬ್ಬದ ಹೊಗೆಯನ್ನು ವರ್ಷದ ಲೆಕ್ಕದಿಂದ ಬಿಡಿ ಎಂದು
ಕೇಳಿಕೊಳ್ಳಲು ನಮ್ಮಲ್ಲಿ ಒಂದು ಅರ್ಜಿ ಉಂಟು.
ನಾಲ್ಕು ಪುಟ. ಸಹಿ ಮಾಡಿದೆ.

ಈ ಕಪ್ಪನ್ನು ಪ್ರಯೋಗಾಲಯದಲ್ಲಿ ಬಿಡಿಸಿ ನೋಡುತ್ತಾರೆ.
ಕೆಂಪಿಗೆ ಸ್ಟ್ರಾನ್ಷಿಯಂ, ಹಸಿರಿಗೆ ಬೇರಿಯಂ,
ನೀಲಿಗೆ ತಾಮ್ರ.
ಅಲ್ಲೆಲ್ಲೋ ನವಿಲೂ ಇರಬೇಕು, ಗ್ರಾಮಿನ ಲಕ್ಷದಲ್ಲೊಂದು ಪಾಲಾಗಿ,
ನನ್ನ ಕೈಯಿಂದಲೇ ಹೊರಟು
ನನ್ನ ಇಕ್ಕಳಕ್ಕೇ ಬಂದದ್ದು.

ಸಂಜೆ ಗೋಡೆಯಾಚೆ ಟೌ ಊದುತ್ತಿದ್ದ.
ಹೊಸ ಟ್ರಂಪೆಟ್ಟು ಇನ್ನೂ ಬಂದಿಲ್ಲ, ಅದೇ ಬಾತುಕೋಳಿ.
ಒಂದೇ ಸ್ವರ, ಉದ್ದಕ್ಕೆ.
ನಡುವೆ ನಿಂತಿತು.
ನಲ್ಲಿ ನಿಲ್ಲಿಸಿ, ಸೋಪಿನ ತಟ್ಟೆ ಕೈಯಲ್ಲೇ ಹಿಡಿದು
ಎಣಿಸಿದೆ: ಐದು, ಆರು,
ಏಳು.
ಮತ್ತೆ ಹಿಡಿದ, ಅದೇ ಸ್ವರ,
ಬಿಟ್ಟ ಕಡೆಯಿಂದಲ್ಲ, ಮೊದಲಿಂದ.